ಬಿಟ್ಟಿ ಮೇಷ್ಟ್ರ ಸ್ಟೂಲು

ಆ ದಿನ ಗೋಂದಮ್ಮ ಗಂಡನನ್ನು ಊಟಕ್ಕೆ ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲಿಲ್ಲ. ಬುತ್ತಿ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲೆ ಠಣ್ಣೆಂದು ಕುಕ್ಕಿದಳು. ಅದಕ್ಕೂ ಅವರು ತಿರುಗಲಿಲ್ಲ.

ಅಂಗಡಿಯ ಬಾಗಿಲ ಪಕ್ಕದ ಕಂಪ್ಯೂಟರಿನ ಮುಂದೆ, ಸ್ಟೂಲಿನ ಮೇಲೆ, ಲೇತ್ ಕೆಲಸದವನು ಕೂತಿದ್ದ. ಗ್ರೀಸು ಕುಡಿದ ಬೆರಳುಗಳು. ಮೌಸು ಎಲ್ಲಿ ಜಾರಿ ನೆಲಕ್ಕೆ ಬೀಳುತ್ತದೋ ಎಂಬಂತೆ ಅದನ್ನು ಅದುಮಿ ಹಿಡಿದಿದ್ದ. ಅವನ ಹಿಂದೆ ಗೋಂದಮ್ಮನ ಗಂಡ, ಬೀದಿಯ ಬಾಯಲ್ಲಿ ಬಿಟ್ಟಿ ಮೇಷ್ಟ್ರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತು ಮಾತ್ರ ಮುಂದೆ ಚಾಚಿ ಕೊಕ್ಕರೆಯ ಹಾಗೆ ನಿಂತಿದ್ದರು.

ಹಲ್ಲುಗಾಲಿಯ ಒಂದು ನಕ್ಷೆ ಬರೆಯುವುದಿತ್ತು. ಮೇಷ್ಟ್ರು ಮುಟ್ಟಿದ್ದರೆ ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತೂ ಬೇಕಿರಲಿಲ್ಲ. ಅವರು ಮುಟ್ಟುವವರಲ್ಲ.

“ಒಂದೇ ಒಂದು ಸಲ ನೀವೇ ಮಾಡಿಬಿಡಿ ಮೇಷ್ಟ್ರೇ. ನೋಡಿ ಕಲೀತೀನಿ,” ಎಂದ ಲೇತಿನವನು.

“ದಡದಲ್ಲಿ ಕೂತು ಈಜು ಕಲಿತೋರನ್ನ ನಾನಂತೂ ನೋಡಿಲ್ಲಪ್ಪ. ನನ್ನ ಕೈ ಕಟ್ಟಿದೆ, ಕಾಣಲ್ವಾ? ಗೆರೆ ತಪ್ಪಿತಾ? ತಪ್ಪಲಿ. ಹಿಂದಕ್ಕೆ ಬರೋ ಬಾಣ ಇದೆಯಲ್ಲ, ಅದನ್ನ ಒತ್ತು. ಇಲ್ಲಿ ತಪ್ಪಿಗೆ ಶಿಕ್ಷೆ ಇಲ್ಲ.”

ಅಂತೂ ಹಲ್ಲುಗಾಲಿ ಬಂತು. ಒಂದು ಹಲ್ಲು ಮುರಿದಂತಿತ್ತು, ಆದರೂ ಬಂತು. ಮೇಷ್ಟ್ರು ಊಟದ ಮೇಜಿಗೆ ಬಂದರು. ಬಂದವರು ಅಲ್ಲೂ ಕೈ ಹಿಂದೆ ಕಟ್ಟಿಕೊಂಡೇ ನಿಂತರು. ಮರೆತಿದ್ದರು.

“ಏನ್ರೀ, ತುತ್ತು ನಾನೇ ಬಾಯಿಗಿಡಬೇಕಾ?” ಎಂದಳು ಗೋಂದಮ್ಮ.

ಲೇತಿನವನು ಕಿಸಕ್ಕನೆ ನಕ್ಕ. ಮೇಷ್ಟ್ರು ಕೈ ಬಿಚ್ಚಿ, ತೊಳೆದು ಬಂದು ಕೂತರು. ಉಪ್ಪು ಕಡಿಮೆ ಎಂದರು. ಹೊತ್ತು ಮೀರಿ ಬಂದವರಿಗೆ ಉಪ್ಪೂ ಕಾಯುವುದಿಲ್ಲ ಎಂದಳು ಅವಳು. ಆ ದಿನ ಅವರಿಬ್ಬರ ನಡುವೆ ನಡೆದ ದೊಡ್ಡ ಮಾತು ಎಂದರೆ ಅದೇ. ಸಂಜೆ ಯಂತ್ರಗಳನ್ನು ಆರಿಸಿ, ಬಾಗಿಲು ಎಳೆದು, ಬೀಗದ ಕೀಲಿಯ ದಾರವನ್ನು ಎಂದಿನಂತೆ ಕೊರಳಿಗೆ ಹಾಕಿಕೊಂಡು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಮುಖ ತೊಳೆಯಲು ಹೋದವರು ಅಲ್ಲೇ ಕುಸಿದರು. ನೀರು ಸುಮ್ಮನೆ ಹರಿಯುತ್ತಿದೆಯಲ್ಲ ಎಂದು ನಲ್ಲಿ ನಿಲ್ಲಿಸಲು ಹೋದವಳು ನೋಡಿದಳು. ಡಾಕ್ಟರು ಬಂದರು, ಎದೆಯ ಮೇಲೆ ಕೈ ಇಟ್ಟರು, ತೆಗೆದರು. ಅದಕ್ಕಿಂತ ಹೆಚ್ಚು ಹೇಳಲು ಅಲ್ಲೇನೂ ಇರಲಿಲ್ಲ.

ಬಿಟ್ಟಿ ಮೇಷ್ಟ್ರು ಎಂಬ ಹೆಸರು ಹೊಗಳಿ ಇಟ್ಟದ್ದಲ್ಲ. ಬೀದಿಯವರು ಅಣಕಿಸಿ ಇಟ್ಟದ್ದು.

ಮದುವೆಗೆ ಮುಂಚೆ ಇಬ್ಬರೂ ಒಂದೇ ಮುದ್ರಣಾಲಯದಲ್ಲಿದ್ದರು. ಅವರು ಮುಂದಿನ ಕೋಣೆಯಲ್ಲಿ ಟೈಪು ಮಾಡುವವರು. ಅವಳು ಹಿಂದಿನ ಕೋಣೆಯಲ್ಲಿ ಪುಸ್ತಕ ಹೊಲಿದು ಬೆನ್ನಿಗೆ ಗೋಂದು ಬಳಿಯುವವಳು. ಶಾಲೆ ಅವಳಿಗೆ ನಾಲ್ಕನೆಯ ತರಗತಿಗೇ ಸಾಕಾಗಿತ್ತು. ಶಾಲೆಗೂ ಅವಳು ಸಾಕಾಗಿದ್ದಳು. ಅಕ್ಷರ ಕೂಡಿಸಿ ಓದಬಲ್ಲಳು, ಆದರೆ ಏರು ಹತ್ತುವ ಎಮ್ಮೆಯ ಹಾಗೆ. ಪುಸ್ತಕಗಳು ಅವಳಿಗೆ ಬೆನ್ನಿನ ಕಡೆಯಿಂದ ಮಾತ್ರ ಪರಿಚಯ. ಬೆರಳುಗಳ ಮೇಲೆ ಯಾವಾಗಲೂ ಒಣಗಿದ ಗೋಂದಿನ ಪೊರೆ. ಮಾತಾಡುತ್ತಾ ಅದನ್ನು ಸುಲಿಯುವುದು ಅವಳ ಚಾಳಿ. ಹಾಗಾಗಿ ಗೋಂದಮ್ಮ.

ಮುದ್ರಣಾಲಯ ಮುಚ್ಚಿದಾಗ ಮಾಲೀಕ ಗುಜರಿಗೆಂದು ಎತ್ತಿಟ್ಟಿದ್ದ ಕಂಪ್ಯೂಟರನ್ನು ಮೇಷ್ಟ್ರು ಕೇಳಿ ತಂದರು. ಹಳತಾಯಿತೆಂದು ಕಚೇರಿಗಳು ಮೂಲೆಗೆ ಹಾಕಿದ ಇನ್ನೂ ಕೆಲವನ್ನು ಹೊತ್ತು ತಂದರು. ಒಳಗಿದ್ದ ಭಾರವನ್ನೆಲ್ಲ ಅಳಿಸಿ, ಯಂತ್ರ ನಡೆಸಲು ಲಿನಕ್ಸ್ ಎಂಬ ಹಗುರ ಸಾಫ್ಟ್‌ವೇರ್ ಹಾಕಿದರು. ಅದಕ್ಕೆ ಯಾರಿಗೂ ಏನೂ ಕೊಡಬೇಕಿಲ್ಲ ಎಂದರು. ಮುದುಕನಿಗೆ ಹಲ್ಲು ಕಟ್ಟಿಸಿದ ಹಾಗೆ ಯಂತ್ರಗಳು ಮತ್ತೆ ಅಗಿಯತೊಡಗಿದವು.

ಅಂಗಡಿ ಶುರುವಾಯಿತು. ಒಂದೇ ಉದ್ದನೆಯ ಕೋಣೆ. ಒಳಗಡೆ ಟೈಪು, ಪ್ರಿಂಟು, ಜೆರಾಕ್ಸು, ಗೋಡೆಯ ಕಡೆ ಮುಖ ಮಾಡಿದ ಗೋಂದಮ್ಮನ ಬೈಂಡಿಂಗ್ ಮೇಜು. ಹೊಟ್ಟೆ ತುಂಬುವುದು ಇವುಗಳಿಂದ. ಬಾಗಿಲ ಪಕ್ಕದ ಒಂದು ಯಂತ್ರ ಮಾತ್ರ ಬೇರೆ. ಅದರ ಮುಂದೆ ಒಂದು ಕಾಲು ಕುಂಟುವ ಸ್ಟೂಲು. ಮೇಲೆ ಮೇಷ್ಟ್ರು ಬರೆದು ಅಂಟಿಸಿದ ಹಾಳೆ: ‘ಕೂತುಕೊಳ್ಳಿ. ನೀವೇ ಮಾಡಿ. ಬಿಟ್ಟಿ.’

ಯಾರು ಬೇಕಾದರೂ ಕೂರಬಹುದು. ಪತ್ರ ಬರೆಯಲು ಲಿಬ್ರೆ ಆಫೀಸ್ ಇದೆ ಎಂದು ತೋರಿಸುವರು. ಫೋಟೋ ತಿದ್ದಲು ಜಿಂಪ್, ಹಾಡು ಕೇಳಲು ವಿಎಲ್‌ಸಿ, ಜಾಲದಲ್ಲಿ ಅಲೆಯಲು ಫೈರ್‌ಫಾಕ್ಸ್, ಅದೂ ನಮ್ಮ ಅಕ್ಷರದಲ್ಲೇ. ಎರಡು ಹಾಳೆಯನ್ನು ಒಂದು ಮಾಡುವ ತಾಣ, ಓದಲು ವಿಕಿಪೀಡಿಯ. ಎಲ್ಲವೂ ಬಿಟ್ಟಿ, ಕದ್ದದ್ದು ಯಾವುದೂ ಅಲ್ಲ. ಕದ್ದ ಸಾಫ್ಟ್‌ವೇರ್ ತಂದುಕೊಟ್ಟವನನ್ನು ಒಮ್ಮೆ ಬಾಗಿಲಿಂದಲೇ ಕಳಿಸಿದ್ದರು. ಮನಸ್ಸಾರೆ ಕೊಡೋರು ಇರುವಾಗ ಕದಿಯೋದು ಸೋಮಾರಿತನ ಎಂದಿದ್ದರು. ಆ ಹೆಸರುಗಳು ಗೋಂದಮ್ಮನ ನಾಲಿಗೆಗೆ ಹತ್ತಲಿಲ್ಲ. ಬೆಳಿಗ್ಗೆ ಪರದೆಯ ಧೂಳು ಹೊಡೆಯುವಾಗ ಕಂಡ ಚಿತ್ರಗಳಿಗೆ ತಾನೇ ಹೆಸರಿಟ್ಟಳು. ವಿಎಲ್‌ಸಿ ಕಿತ್ತಳೆ ಟೋಪಿ. ಫೈರ್‌ಫಾಕ್ಸ್ ನರಿ. ಬಾಯಲ್ಲಿ ಕುಂಚ ಕಚ್ಚಿಕೊಂಡ ಜಿಂಪ್, ಕುಂಚದ ನಾಯಿ. ಕ್ರಮೇಣ ಗಿರಾಕಿಗಳೂ ಹಾಗೇ ಅನ್ನತೊಡಗಿದರು.

ಇದನ್ನು ಕಂಡರೆ ಭಾವನಿಗೆ ಮೈ ಉರಿ. ಭಾವ ಎಂದರೆ ಮೇಷ್ಟ್ರ ಅಣ್ಣ, ಮರದ ಸಾಮಾನಿನ ಅಂಗಡಿಯವನು. ಬಂದಾಗಲೆಲ್ಲ ಒಂದೇ ಪಾಠ. “ಕುರ್ಚಿ ಮಾಡೋದನ್ನ ನಾನು ಗಿರಾಕಿಗೆ ಕಲಿಸಿದ್ರೆ ನನ್ನ ಕುರ್ಚಿ ಯಾರಯ್ಯ ಕೊಳ್ತಾರೆ? ನೀನು ಕಲಿಸಿ ಕಳಿಸಿದೋನು ಮತ್ತೆ ಈ ಕಡೆ ತಲೆ ಹಾಕ್ತಾನಾ?”

“ಹಾಕದಿದ್ರೆ ಕಲಿತ ಅಂತ ಅರ್ಥ ಅಣ್ಣ,” ಎನ್ನುತ್ತಿದ್ದರು ಮೇಷ್ಟ್ರು.

ಸಾವಿಗೆಂದು ಜನ ಬಂದು ಹೋಗುವುದು ಮುಗಿದ ಮೇಲೆ ಭಾವ ಮನೆಗೆ ಬಂದ. ಅವನ ತಾಯಿ, ಗೋಂದಮ್ಮನ ಅತ್ತೆ, ಗೋಡೆಗೊರಗಿ ಕೂತಿದ್ದಳು. ಮುದುಕಿಗೆ ಕಿವಿ ಮಂದ. ಬೇಕಾದದ್ದು ಮಾತ್ರ ಕೇಳಿಸುವಷ್ಟು ಮಂದ.

ಭಾವ ವಿಷಯ ಬಿಡಿಸಿಟ್ಟ. ಅರ್ಜಿ ತುಂಬಿಕೊಡುವ ಸೇವಾ ಅಂಗಡಿಗಳನ್ನು ಅಲ್ಲಲ್ಲಿ ನಡೆಸುವ ಒಂದು ಕಂಪನಿಯವನು ಅವನಿಗೆ ಗೊತ್ತು. ಮೇಷ್ಟ್ರ ಅಂಗಡಿಯ ಜಾಗ ಅವನಿಗೆ ಹಿಡಿಸಿದೆ. ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ ಹೊಸದು ಇಡುತ್ತಾನೆ. ಗೋಂದಮ್ಮ ಅತ್ತೆಯನ್ನು ಕರೆದುಕೊಂಡು ತನ್ನ ಮನೆಗೆ ಬಂದುಬಿಡಲಿ. ಹಿತ್ತಲ ಕೋಣೆ ಖಾಲಿ ಇದೆ. ಇಬ್ಬರ ಊಟ ತನಗೇನೂ ಭಾರವಲ್ಲ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಓರಗಿತ್ತಿಯ ಅಡುಗೆಮನೆ ಕಣ್ಣ ಮುಂದೆ ಬಂತು. ಒಂದು ಲೋಟ ನೀರಿಗೂ ಮೊದಲು ಅವಳ ಮುಖ ನೋಡಬೇಕು. ಗಂಡ ಹೋದರು, ಸರಿ. ತಾನೂ ಹೋದೆನೇ?

“ಅಂಗಡಿ ನಾನು ತೆಗೀತೀನಿ ಭಾವ,” ಎಂದಳು.

“ನೀನಾ? ಒಂದು ದಿನ ಆ ಪೆಟ್ಟಿಗೆ ಮುಟ್ಟಿದೋಳಲ್ಲ ನೀನು.”

“ಅವರೂ ಮುಟ್ತಿರಲಿಲ್ಲ.”

ಅತ್ತೆ ಏನಂತೆ ಎಂದು ಕೇಳಿದಳು. ಅಂಗಡಿ ತೆಗೆಯುತ್ತಾಳಂತೆ ಎಂದು ಭಾವ ಕಿವಿಯ ಹತ್ತಿರ ಕೂಗಿದ.

“ತೆಗೀಲಿ ಬಿಡು. ಮನೇಲಿ ಇಬ್ಬರೂ ಕೂತು ಅತ್ತು ಏನು ಗುಡ್ಡೆ ಹಾಕೋದಿದೆ,” ಎಂದಳು ಮುದುಕಿ.

ಕೊನೆಗೆ ಭಾವ ಒಂದು ಮಾತು ಹೇಳಿ ಎದ್ದ. ಮುಂದಿನ ತಿಂಗಳು ಕಂಪನಿಯವನನ್ನು ಕರೆತರುತ್ತಾನೆ. ಅಷ್ಟರಲ್ಲಿ ಅಂಗಡಿ ನಡೆದರೆ ಅವಳ ಹಣೆಬರಹ. ನಡೆಯದಿದ್ದರೆ ತಕರಾರಿಲ್ಲದೆ ಕೀಲಿ ಅವನ ಕೈಗೆ ಕೊಡಬೇಕು. ಗೋಂದಮ್ಮ ಹೂಂ ಎಂದಳು. ಕೀಲಿಯ ದಾರವನ್ನು ತನ್ನ ಕೊರಳಿಗೆ ಹಾಕಿಕೊಂಡಳು.

ಬಾಗಿಲು ತೆಗೆದಳು. ಯಂತ್ರಗಳಿಗೆ ಜೀವ ಕೊಡುವ ಗುಂಡಿ ಗೊತ್ತಿತ್ತು, ಒತ್ತಿದಳು. ಜೆರಾಕ್ಸು, ಬೈಂಡಿಂಗ್ ನಡೆಯಿತು. ಆದರೆ ಬಾಗಿಲ ಪಕ್ಕದ ಸ್ಟೂಲು ಖಾಲಿ. ಜನ ಬರುವರು, ಒಳಗೆ ಇಣುಕುವರು, ಓ ಮೇಷ್ಟ್ರು ಇಲ್ಲ ಅಲ್ವಾ ಎಂದು ಚಪ್ಪಲಿ ತಿರುಗಿಸುವರು. ಇಲ್ಲ ಎಂಬುದನ್ನು ಅವಳಿಗೇ ದಿನಾ ನೆನಪಿಸಿ ಹೋದಂತೆ.

ಮೊದಲು ಕೂತವಳು ಪಕ್ಕದ ಓಣಿಯ ಟೈಲರ್ ಅಕ್ಕ. ಹೊಲಿಗೆ ಕಲಿಸುವ ಕೆಲಸಕ್ಕೆ ಅವಳು ಜಾಲದಲ್ಲಿ ಅರ್ಜಿ ಹಾಕಬೇಕಿತ್ತು. ಅವಳ ಫೋಟೋ ದೊಡ್ಡದಾಯಿತೆಂದು ಅರ್ಜಿ ನುಂಗುತ್ತಿರಲಿಲ್ಲ. ಫೋಟೋ ಸಣ್ಣದು ಮಾಡುವ ಒಂದು ತಾಣವಿದೆ, ಮೇಷ್ಟ್ರು ಎಲ್ಲರಿಗೂ ಅದನ್ನು ತೋರಿಸುತ್ತಿದ್ದರು, ಹೇಗೆ ಅಂತ ನಿನಗೇನಾದ್ರೂ ಗೊತ್ತಾ ಎಂದು ಕೇಳಿದಳು.

ಗೊತ್ತಿಲ್ಲ ಎನ್ನಲು ಗೋಂದಮ್ಮ ಬಾಯಿ ತೆರೆದಳು. ಬಂದದ್ದು ಬೇರೆಯೇ.

“ನರಿ ಒತ್ತು. ಮೇಲಿನ ಉದ್ದ ಗೂಡಲ್ಲಿ ತಾಣದ ಹೆಸರಿನ ಮೊದಲ ಎರಡು ಅಕ್ಷರ ಬರಿ, ಮಿಕ್ಕಿದ್ದು ತಾನೇ ಬರುತ್ತೆ. ಬಂತಾ? ಮೊದಲು ಒಂದು ಪೆಟ್ಟಿಗೆ ಅಡ್ಡ ಬರುತ್ತೆ, ಹೌದು ಅನ್ನು. ಈಗ ದೊಡ್ಡ ಹಸಿರು ಗುಂಡಿ ಕಾಣ್ತಿದೆ ಅಲ್ವಾ? ಅದು ಕಳ್ಳ. ಮುಟ್ಟಬೇಡ. ಕೂಗಿ ಕರೆಯೋ ಗುಂಡಿ ಯಾವತ್ತೂ ನಮ್ಮದಲ್ಲ. ಅದರ ಕೆಳಗೆ ಸಣ್ಣ ನೀಲಿ ಅಕ್ಷರ ಇದೆ. ಅದು ನಮ್ಮದು.”

ವರ್ಷಗಟ್ಟಲೆ ಗೋಡೆ ನೋಡಿಕೊಂಡು ಸೂಜಿ ಎಳೆಯುವಾಗ ಬೆನ್ನ ಹಿಂದೆ ಕೇಳಿದ ಮಾತು. ನಡುವೆ ಮೇಷ್ಟ್ರದೊಂದು ಸಣ್ಣ ಕೆಮ್ಮು ಬರುತ್ತಿತ್ತು, ಆ ಕೆಮ್ಮು ಸಮೇತ ಬಂತು. ಅವಳು ತಿರುಗಿ ಪರದೆ ನೋಡಲೇ ಇಲ್ಲ. ಕೈಯಲ್ಲಿ ಸೂಜಿ, ಮುಖ ಗೋಡೆಗೆ. ಹಿಂದಿನಿಂದ ಟೈಲರ್ ಅಕ್ಕ ಆಯ್ತು, ಆಯ್ತು ಎನ್ನುತ್ತಿದ್ದಳು. ಕೊನೆಗೆ ನಿಜವಾಗಿಯೂ ಆಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಸುದ್ದಿ ಓಣಿ ಸುತ್ತಿತು. ಸ್ಟೂಲು ಬಿಸಿಯಾಗತೊಡಗಿತು. ಬೆನ್ನು ಹಾಕಿ ಕೂತು ಪಾಠ ಹೇಳುವ ಹೆಂಗಸನ್ನು ನೋಡಲೆಂದೇ ಕೆಲವರು ಬಂದರು. ಮೇಷ್ಟ್ರು ಹೆಂಡತಿ ಬಾಯಲ್ಲಿ ಮಾತಾಡುತ್ತಾರೆ ಎಂದು ಯಾರೋ ಕಣ್ಣು ಒರೆಸಿಕೊಂಡರು.

“ಅವರು ಯಾರ ಬಾಯಲ್ಲೂ ಮಾತಾಡ್ತಿಲ್ಲ. ಸತ್ತಿದ್ದಾರೆ. ಮಾತಾಡ್ತಿರೋಳು ನಾನು. ನಿಮಗೇನು ಬೇಕು ಹೇಳಿ,” ಎಂದಳು.

ಬೀಗಿದಳೆಂದರೂ ತಪ್ಪಿಲ್ಲ. ಕಿವಿಯಿಂದ ಕಲಿತದ್ದೇ ಸಾಕು, ಕಣ್ಣು ಯಾಕೆ ಎಂದುಕೊಂಡಳು. ಪರದೆಯನ್ನು ನೋಡದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ತಿರುಗಿದರೆ ಸ್ಟೂಲಿನ ಹಿಂದೆ ಅವರು ನಿಲ್ಲುತ್ತಿದ್ದ ಜಾಗ ಕಾಣುತ್ತದೆ. ಗೋಡೆ ನೋಡುತ್ತಿದ್ದರೆ ಇನ್ನೂ ನಿಂತಿದ್ದಾರೆ.

ತಿಂಗಳು ಕಳೆಯುತ್ತಾ ಬಂತು. ಟೈಲರ್ ಅಕ್ಕ ಇನ್ನೊಂದು ಫೋಟೋ ತಂದಳು, ತಂಗಿಯದು. ಗೋಂದಮ್ಮ ಅದೇ ಪಾಠ ಶುರು ಮಾಡಿದಳು. ಅಡ್ಡ ಬರುವ ಪೆಟ್ಟಿಗೆಯ ಹತ್ತಿರ ಟೈಲರ್ ಅಕ್ಕ ತಡೆದಳು.

“ಇದರಲ್ಲಿ ಬೇರೆ ಏನೋ ಬರೆದಂಗಿದೆ ಗೋಂದಮ್ಮ. ಹೋದ ಸಲ ಇಷ್ಟುದ್ದ ಇರಲಿಲ್ಲ.”

“ಹೌದು ಅನ್ನು ಅಂದ್ರೆ ಅನ್ನು. ಅವರು ಹಾಗೇ ಹೇಳ್ತಿದ್ದಿದ್ದು.”

ಟೈಲರ್ ಅಕ್ಕ ಒತ್ತಿದಳು. ಫೋಟೋ ಸಣ್ಣದಾಯಿತು. ಅವಳು ಹೋದಳು.

ಮಾರನೆಯ ಬೆಳಿಗ್ಗೆ ನರಿ ತೆರೆದದ್ದೇ ತಡ, ಪರದೆಯ ಮೂಲೆಯಲ್ಲಿ ಒಂದು ಚೀಟಿ ಹಾರಿ ಬಂತು. ಅದರ ಬೆನ್ನಿಗೆ ಇನ್ನೊಂದು. ನಿಮಗೆ ಬಹುಮಾನ ಬಂದಿದೆ. ನಿಮ್ಮ ಯಂತ್ರಕ್ಕೆ ರೋಗ ಬಂದಿದೆ. ಬೋಳುತಲೆಗೆ ಎಣ್ಣೆ. ನಡುನಡುವೆ ಅರೆಬರೆ ಬಟ್ಟೆಯ ಹುಡುಗಿಯರು. ಒಂದನ್ನು ಮುಚ್ಚಿದರೆ ಎರಡು. ಗೋಂದಮ್ಮ ಧೂಳಿನ ಬ್ರಷ್ ಹಿಡಿದು ಪೆಚ್ಚಾಗಿ ನಿಂತಿದ್ದಾಗಲೇ ಭಾವ ಕಂಪನಿಯವನನ್ನು ಕರೆದುಕೊಂಡು ಒಳಗೆ ಬಂದ. ಕೆಟ್ಟ ಗಳಿಗೆಗೆ ಕಾಲು ಉದ್ದ.

ಕಂಪನಿಯವನು ಇಸ್ತ್ರಿ ಮುರಿಯದ ಅಂಗಿಯವನು. ಪರದೆ ನೋಡಿ ನಕ್ಕ. ಯಂತ್ರದ ತಲೆಯ ಮೇಲೆ ತಟ್ಟಿ, ಇದನ್ನು ಗುಜರಿಯವನೂ ಮುಟ್ಟುವುದಿಲ್ಲ ಎಂದ. ಭಾವ ನಗಲಿಲ್ಲ. ಸತ್ತ ತಮ್ಮನ ಅಂಗಡಿಯಲ್ಲಿ ಆ ಹುಡುಗಿಯರನ್ನು ನೋಡಿ ಅವನಿಗೆ ನಾಚಿಕೆಯಾಗಿತ್ತು.

“ಬಿಟ್ಟಿ ಅಂದ್ರೆ ಇದೇ ನೋಡಮ್ಮ. ಕೊನೆಗೆ ಮಾನ ಕೊಟ್ಟು ತೀರಿಸಬೇಕು. ಸಾಕು. ನಾಳೆ ಬೆಳಿಗ್ಗೆ ಬರ್ತೀವಿ. ಕೀಲಿ ತೆಗೆದಿಟ್ಟಿರು.”

ಗೋಂದಮ್ಮ ಹೇಳಿದಳು: “ಬನ್ನಿ. ಬಾಗಿಲು ತೆಗೆದೇ ಇರುತ್ತೆ.”

ಅವರು ಹೋದ ಮೇಲೆ ಬೈಂಡಿಂಗ್ ಬಟ್ಟೆಯ ಒಂದು ತುಂಡನ್ನು ಪರದೆಯ ಮೇಲೆ ಎಳೆದಳು. ತನ್ನ ಮೇಜಿಗೆ ಹೋಗಿ ಕೂತಳು. ಗಂಡ ಸತ್ತ ಮೇಲೆ ಮೊದಲ ಸಲ ಅವರ ಮೇಲೆ ಕೋಪ ಬಂತು. ಖಾಲಿ ಅಂಗಡಿಯಲ್ಲಿ ಗೋಡೆಗೆ ಕೇಳಿಸುವಂತೆ ಬೈದಳು. ಹೌದು ಅನ್ನು ಅಂದ್ರಲ್ಲ, ಯಾವುದಕ್ಕೆ ಹೌದು ಅಂತ ಒಂದು ದಿನವಾದರೂ ಬಾಯಿಬಿಟ್ಟು ಹೇಳಿದ್ರಾ? ಎಲ್ಲ ಹೇಳಿ ಅದೊಂದು ನುಂಗಿಕೊಂಡ್ರಾ? ಗೋಡೆ ಏನು ಹೇಳುತ್ತದೆ. ಪೆಟ್ಟಿಗೆಯಲ್ಲಿ ಬರೆದದ್ದನ್ನು ಅವರು ಕಣ್ಣಿಂದ ನೋಡುತ್ತಿದ್ದರು. ನೋಡಿದ್ದು ಅವಳ ಬೆನ್ನಿಗೆ ಕೇಳಿಸುವುದು ಹೇಗೆ?

ಮಧ್ಯಾಹ್ನ ಲೇತಿನವನು ಒಂದು ನಕ್ಷೆ ಪ್ರಿಂಟು ಹಾಕಿಸಲು ಬಂದ. ಪರದೆಯ ಬಟ್ಟೆ ಎಳೆದ. ಇದಕ್ಯಾಕೆ ಮುಸುಕು ಎಂದ. ಚೀಟಿಗಳು ದಬದಬ ಉದುರಿದವು. ಅವನು ಹೆದರಲಿಲ್ಲ.

“ಅಯ್ಯೋ ಇದಾ. ರೋಗ ಗೀಗ ಏನಲ್ಲ ಅಕ್ಕ. ಯಾವುದೋ ತಾಣ ಚೀಟಿ ಕಳಿಸಲಾ ಅಂತ ಕೇಳಿರುತ್ತೆ, ಯಾರೋ ಹೌದು ಅಂದಿರ್ತಾರೆ. ನಂಗೂ ಆಗಿತ್ತು. ಮೇಷ್ಟ್ರು ತೆಗೆಸಿದ್ರು.”

“ತೆಗಿ ಮತ್ತೆ.”

ಅವನ ಕೈ ಮೌಸಿನ ತನಕ ಹೋಯಿತು. ಅಲ್ಲಿ ನಿಂತಿತು. ಹಿಂದೆ ಬಂತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

“ನೀವು ಕೂತ್ಕೊಳ್ಳಿ.”

“ಅವರ ಆಟ ನನ್ನ ಹತ್ರ ಆಡಬೇಡ.”

“ಆಟ ಅಲ್ಲ ಅಕ್ಕ. ಇದು ಇನ್ನೊಂದು ದಿನ ಮತ್ತೆ ಬರುತ್ತೆ. ಅವತ್ತು ನಾನು ಲೇತ್ ಮುಂದೆ ಇರ್ತೀನಿ, ನೀವು ಇಲ್ಲಿರ್ತೀರಿ.”

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಎದ್ದು ಬಂದಳು. ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ಬೇರೆಯವನು ನಿಂತಿದ್ದ. ಅದನ್ನು ನೋಡಿಯೂ ಬಂದಳು. ಕುಂಟು ಸ್ಟೂಲಿನ ಮೇಲೆ, ಅಷ್ಟು ವರ್ಷದಲ್ಲಿ ಮೊದಲ ಸಲ, ಕೂತಳು. ಗೋಂದಿನ ಬೆರಳು ಮೌಸಿಗೆ ಅಂಟಿತು.

ಕಲಿತವನಿಗೆ ಅರ್ಧ ಮರೆತಿತ್ತು. ಬಲ ಮೂಲೆಯಲ್ಲಿ ಮೂರು ಗೆರೆ ಇರುತ್ತೆ, ಅಲ್ಲಿಂದ ಸೆಟ್ಟಿಂಗ್ಸು, ಆಮೇಲೆ ಗೋಪ್ಯ ಅಂತ ಏನೋ ಇತ್ತು ಎಂದು ತಲೆ ಕೆರೆದುಕೊಂಡ. ಅಷ್ಟರಲ್ಲಿ ಟೈಲರ್ ಅಕ್ಕ ಬಂದಳು. ವಿಷಯ ಕೇಳಿ ಮುಖ ಸಣ್ಣದು ಮಾಡಿಕೊಂಡಳು. ನಾನು ಆವತ್ತೇ ಹೇಳಿದ್ನಲ್ಲ ಎಂದು ಬಾಯಿತುದಿಗೆ ಬಂದದ್ದನ್ನು ನುಂಗಿದ್ದು ಗೋಂದಮ್ಮನಿಗೆ ಕಂಡಿತು. ಮೇಲೆ ಒತ್ತು ಎಂದಳು ಟೈಲರ್ ಅಕ್ಕ. ಇಲ್ಲ ಕೆಳಗೆ ಎಂದ ಲೇತಿನವನು. ದಾರ ಪೋಣಿಸಿದ ಹಾಗಲ್ಲ ಇದು ಎಂದು ಅವನು, ತುಕ್ಕು ಕೆರೆದ ಹಾಗೂ ಅಲ್ಲ ಎಂದು ಇವಳು. ಒಂದು ಸಲ ಅಕ್ಷರಗಳೆಲ್ಲ ಇರುವೆಯಷ್ಟಾದವು. ಇನ್ನೊಂದು ಸಲ ಪರದೆ ಕಪ್ಪಾಯಿತು.

“ಇಬ್ಬರೂ ಬಾಯಿ ಮುಚ್ಚಿ,” ಎಂದಳು ಗೋಂದಮ್ಮ. “ನಾನು ಓದ್ತೀನಿ.”

ಓದಿದಳು. ಒಂದೊಂದು ಸಾಲನ್ನೂ, ಬೆರಳಿಟ್ಟು, ತುಟಿ ಅಲ್ಲಾಡಿಸಿ. ಗೋ-ಪ್ಯ-ತೆ. ಒತ್ತಿದಳು. ಪುಟದಲ್ಲಿ ಕೆಳಗಿಳಿದಳು. ಅ-ನು-ಮ-ತಿ-ಗ-ಳು. ಅದರಡಿಯಲ್ಲಿ ಸೂ-ಚ-ನೆ-ಗ-ಳು. ಅದರೊಳಗೆ ಒಂದೇ ಒಂದು ತಾಣದ ಹೆಸರು ಕೂತಿತ್ತು, ಆ ಫೋಟೋದ ತಾಣದ್ದು. ಪಕ್ಕದಲ್ಲಿ ಅನುಮತಿ ಎಂದಿತ್ತು. ಅದನ್ನು ತೆಗೆದುಹಾಕಿದಳು. 

ಮೂವರೂ ಪರದೆಯ ಮೂಲೆ ನೋಡುತ್ತಾ ಕಾದರು. ಏನೂ ಬರಲಿಲ್ಲ. ಕಾದರು. ಬರಲಿಲ್ಲ.

“ಕಳ್ಳ ಹಸಿರು ಗುಂಡೀಲಿ ಇರ್ತಾನೆ ಅಂದ್ಕೊಂಡಿದ್ದೆ,” ಎಂದಳು ಗೋಂದಮ್ಮ. “ಅವನು ಮನೆ ಬದಲಾಯಿಸ್ತಾನೆ.”

ಅಷ್ಟಕ್ಕೂ ಫೋಟೋ ಸಣ್ಣದು ಮಾಡಲು ಜಾಲದ ಬೀದಿಗೆ ಹೋಗಬೇಕಿಲ್ಲ, ಕುಂಚದ ನಾಯಿ ಮನೆಯಲ್ಲೇ ಮಾಡುತ್ತದೆ ಎಂದು ಲೇತಿನವನು ಆಗ ಹೇಳಿದ. ಕಂಡಕಂಡವರ ಕೈಗೆ ನಮ್ಮ ಮುಖ ಕೊಡುವುದು ತಪ್ಪುತ್ತದೆ. ಮೇಷ್ಟ್ರು ಅದನ್ನೂ ಹೇಳಿದ್ದರಂತೆ. ಆ ದಾರಿ ಸ್ವಲ್ಪ ಉದ್ದ, ಅದಕ್ಕೇ ಯಾರೂ ಹಿಡಿಯುತ್ತಿರಲಿಲ್ಲ. ಇದನ್ನು ಬೆಳಿಗ್ಗೆಯೇ ಬಂದು ಹೇಳಲು ನಿನಗೇನಾಗಿತ್ತು ಎಂದು ಗೋಂದಮ್ಮ ಗದರಿದಳು. ಆಮೇಲೆ ಬೈಂಡಿಂಗ್ ಮೇಜಿನ ಒಂದು ತುದಿ ಹಿಡಿ ಎಂದಳು. ಅದನ್ನು ಎಳೆದು ತಿರುಗಿಸಿದರು. ಮೇಜು ನಿಂತಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯೇ ಇತ್ತು. ಈಗ ಅವಳ ಬೆನ್ನು ಗೋಡೆಗೆ, ಮುಖ ಪರದೆಗೆ, ಬಾಗಿಲಿಗೆ, ಬೀದಿಗೆ.

ಮರುದಿನ ಭಾವ ಕಂಪನಿಯವನ ಜೊತೆ ಬಂದಾಗ ಸ್ಟೂಲಿನ ಮೇಲೆ ಹಾಲಿನವನು ಕೂತಿದ್ದ. ಹಾಲು ಹಾಕುವ ಹೊತ್ತು ಬದಲಾಗಿದೆ ಎಂದು ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಬೇಕಿತ್ತು ಅವನಿಗೆ. ಗೋಂದಮ್ಮ ಅವನ ಹಿಂದೆ ಕೈ ಕಟ್ಟಿ ನಿಂತಿದ್ದಳು. ಪರದೆಯನ್ನು ಅವನಿಗಿಂತ ಹತ್ತಿರದಿಂದ ನೋಡುತ್ತಿದ್ದಳು. ಟೈಲರ್ ಅಕ್ಕ ಬಾಗಿಲಲ್ಲಿ ಗುಂಡಿ ಹೊಲಿಯುತ್ತಾ ಕೂತು, ಕರೆಯದಿದ್ದರೂ ನಡುವೆ ಬಾಯಿ ಹಾಕುತ್ತಿದ್ದಳು. ಲೇತಿನವನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಚೀಟಿ ಬಂತಾ ಎಂದು ಇಣುಕಿದ.

ಭಾವ ಇದನ್ನೆಲ್ಲ ನೋಡಿದ. ಕಲಿತವರು ಮತ್ತೆ ತಲೆ ಹಾಕುವುದಿಲ್ಲ ಎಂದವನು ಅವನೇ.

“ಕೀಲಿ?” ಎಂದ.

ಕೊರಳಿಂದ ತೆಗೆದ ಕೀಲಿಯ ದಾರ ಅವಳ ಬೆನ್ನ ಹಿಂದೆ, ಕಟ್ಟಿದ ಮುಷ್ಟಿಯೊಳಗಿತ್ತು.

“ನನ್ನ ಕೈ ಖಾಲಿ ಇಲ್ಲ ಭಾವ.”

ಕಂಪನಿಯವನು ಗಡಿಯಾರ ನೋಡಿಕೊಂಡ. ಅವಳು ಅವನ ಕಡೆ ತಿರುಗಿ, ನಿಮ್ಮ ಅಂಗಡಿಯಲ್ಲಿ ಈ ಸ್ಟೂಲಿಗೆ ಜಾಗ ಇರುತ್ತದೆಯೇ ಎಂದು ಕೇಳಿದಳು. ಗಿರಾಕಿ ಯಾಕೆ ಕೂರಬೇಕು, ಕಾಗದ ಕೊಟ್ಟು ಹೊರಗೆ ನಿಂತರಾಯಿತು, ನಮ್ಮವರೇ ಮಾಡಿಕೊಡುತ್ತಾರೆ ಎಂದ ಅವನು. ಹಾಗಾದರೆ ನೀವು ಹೋಗಿಬನ್ನಿ ಎಂದಳು.

“ಹಟ ಮಾಡಬೇಡ,” ಎಂದ ಭಾವ. “ಇವತ್ತು ಸರಿ ಹೋಗಿದೆ. ನಾಳೆ ಮತ್ತೆ ಕೆಡುತ್ತೆ. ಆಗ?”

“ಕೆಡುತ್ತೆ. ಕೆಟ್ಟಿದ್ದು ರಿಪೇರಿ ಆಗುತ್ತೆ. ನಿಮ್ಮ ಹಿತ್ತಲ ಕೋಣೇಲಿ ಕೂತ್ರೆ ನಾನು ಕೆಡ್ತೀನಿ ಭಾವ. ಅದಕ್ಕೆ ರಿಪೇರಿ ಇಲ್ಲ.”

ಹಾಲಿನವನು ಕಣ್ಣು ಪರದೆಯಿಂದ ತೆಗೆಯದೆ, ಅಮ್ಮ, ಅಕ್ಷರ ಇನ್ನೂ ದೊಡ್ಡದು ಮಾಡೋದು ಹೇಗೆ ಎಂದ. ಅವಳು ಅವನ ಕಡೆ ತಿರುಗಿದಳು. ಭಾವ ಅವಳ ಕಟ್ಟಿದ ಕೈಗಳನ್ನು ನೋಡಿದ, ಸ್ಟೂಲಿನ ಕುಂಟು ಕಾಲನ್ನು ನೋಡಿದ. ಹೋದ.

ಎಷ್ಟೋ ದಿನದ ಮೇಲೆ ಒಂದು ಮಧ್ಯಾಹ್ನ ಭಾವ ಸುತ್ತಿಗೆ ಮೊಳೆ ಹಿಡಿದು ಬಂದ. ಸ್ಟೂಲು ಮಗುಚಿ ಕಾಲು ಸರಿಮಾಡಿದ. ಸೋತೆ ಎಂದು ಅವನು ಹೇಳಲಿಲ್ಲ. ಉಪಕಾರವಾಯಿತು ಎಂದು ಅವಳೂ ಹೇಳಲಿಲ್ಲ. ಊಟದ ಹೊತ್ತಾಗಿತ್ತು, ಡಬ್ಬಿಯಿಂದ ಅವನಿಗೂ ಬಡಿಸಿದಳು. ಉಪ್ಪು ಕಡಿಮೆ ಎಂದ. ಅಣ್ಣತಮ್ಮಂದಿರು. ಅವಳು ಎದ್ದು ಹೊರಗೆ ಹೋಗಿ, ಮುಖ ತೊಳೆದುಕೊಂಡು ಒಳಗೆ ಬಂದಳು.

ಈಗಲೂ ಬೆಳಿಗ್ಗೆ ಬಾಗಿಲು ಎತ್ತಿದ ಮೇಲೆ ಗೋಂದಮ್ಮ ಮೊದಲು ಒಳಗಿನ ಯಂತ್ರಗಳ ಹತ್ತಿರ ಹೋಗುವುದಿಲ್ಲ. ಬೆರಳಿನ ಗೋಂದು ಸುಲಿದು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾಳೆ. ನರಿ ತೆರೆಯುತ್ತಾಳೆ. ಗಂಡ ಜನರಿಗೆ ತೋರಿಸುತ್ತಿದ್ದ ತಾಣಗಳ ಬಾಗಿಲನ್ನು ಒಂದೊಂದಾಗಿ ತಟ್ಟುತ್ತಾಳೆ. ಹೊಸ ಪೆಟ್ಟಿಗೆ ಏನಾದರೂ ಅಡ್ಡ ಬಂದಿದೆಯೇ, ಗುಂಡಿ ಜಾಗ ಬದಲಾಯಿಸಿದೆಯೇ, ಕಳ್ಳ ಎಲ್ಲಿ ಬಿಡಾರ ಹೂಡಿದ್ದಾನೆ ಎಂದು ಬೆರಳಿಟ್ಟು, ತುಟಿ ಅಲ್ಲಾಡಿಸಿ, ಪ್ರತಿ ಅಕ್ಷರ ಓದುತ್ತಾಳೆ. ತಿಳಿಯದ್ದಕ್ಕೆ ಇಲ್ಲ ಎನ್ನುತ್ತಾಳೆ. ಆಮೇಲೆ ಎದ್ದು, ಸ್ಟೂಲು ಒರೆಸಿ, ಬೀದಿಯ ಕಡೆಗೆ ತಿರುಗಿಸಿ ಇಡುತ್ತಾಳೆ.